ಕಥೆಗೊಂದು ಇಡೀ ರಾತ್ರಿ

ದರೋಜಿಯ ಈರಮ್ಮ ಅಕ್ಷರ ಕಲಿತವರಲ್ಲ. ಆದರೂ ಹನ್ನೆರಡು ಜನಪದ ಮಹಾಕಾವ್ಯಗಳು ಅವರ ಬಾಯಲ್ಲಿದ್ದವು. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ, ಜೈಸಿಂಗರಾಜ... ಇವುಗಳಲ್ಲಿ ಒಂದನ್ನು ಸಾವಕಾಶವಾಗಿ ಹೇಳಿ ಮುಗಿಸಬೇಕೆಂದರೂ ಒಂದು ರಾತ್ರಿ ಸಾಲದು. ಎಲ್ಲವನ್ನೂ ಅಚ್ಚು ಹಾಕಿದರೆ 7,000 ಪುಟ ಆದೀತೆಂದು ಬಲ್ಲವರು ಅಂದಾಜು ಮಾಡಿದ್ದರು. 1999ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟು ಗೌರವಿಸಿತು. 2014ರ ಆಗಸ್ಟ್ 12ರಂದು ಬಳ್ಳಾರಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆಗ ಎಲ್ಲರೂ ಪ್ರಶಸ್ತಿಗಳನ್ನು ನೆನೆದರು. ಆ ಕಥೆಗಳು ಇನ್ನು ಯಾವ ಊರಲ್ಲಿ, ಯಾವ ಹೊತ್ತಿನಲ್ಲಿ, ಯಾರ ಮುಂದೆ ನಡೆಯಬೇಕು ಎಂದು ಕೇಳಿದವರು ಕಡಿಮೆ.

ಈ ಪ್ರಶ್ನೆಯನ್ನು ಚೆನ್ನಾಗಿ ಕೇಳಬಲ್ಲ ಜನ ಭೂಮಿಯ ಆಚೆ ಮಗ್ಗುಲಲ್ಲಿದ್ದಾರೆ. ಅವರು ಕೆನಡಾದ ಕ್ರೀ ಜನ. ರಾಕಿ ಬೆಟ್ಟಗಳ ಬುಡದಿಂದ ಕ್ವಿಬೆಕ್ಕಿನ ಕಾಡುಗಳವರೆಗೆ ಹರಡಿರುವ ಇವರು ಆ ದೇಶದ ಮೂಲನಿವಾಸಿಗಳಲ್ಲಿ ಬಹು ದೊಡ್ಡ ಸಮುದಾಯ. ಇವರಲ್ಲಿ ಕಥೆ ಎರಡು ಬಗೆ. ಅಜ್ಜ ಕಂಡ ಬೇಟೆ, ನಡೆದುಹೋದ ಜಗಳ, ಊರು ಬಿಟ್ಟ ವೃತ್ತಾಂತ ಒಂದು ಬಗೆ. ಅದನ್ನು ಯಾವಾಗ ಬೇಕಾದರೂ ಹೇಳಬಹುದು. ಲೋಕ ಹುಟ್ಟಿದ ಕಾಲದ, ಪ್ರಾಣಿಗಳೂ ಮನುಷ್ಯರೂ ಒಂದೇ ಮಾತಾಡುತ್ತಿದ್ದ ಕಾಲದ ಕಥೆಗಳು ಇನ್ನೊಂದು ಬಗೆ. ಇವು ಪವಿತ್ರ. ಹೇಳಬೇಕಾದರೆ ನೆಲದ ಮೇಲೆ ಹಿಮ ಬಿದ್ದಿರಬೇಕು, ಉದ್ದನೆಯ ಚಳಿಗಾಲದ ರಾತ್ರಿಯಾಗಿರಬೇಕು. ಕೇಳಲು ಬಂದವರು ಹಿರಿಯರ ಮುಂದೆ ತಂಬಾಕು ಇಟ್ಟು ಕೇಳಬೇಕು. ನಮ್ಮಲ್ಲಿ ಎಲೆ ಅಡಿಕೆ ಇಟ್ಟು ಕರೆದಂತೆ. ಕಥೆ ಅಲ್ಲಿ ಪುಕ್ಕಟೆ ಮನರಂಜನೆಯಲ್ಲ. ಕೊಡುವವರಿಗೂ ಪಡೆಯುವವರಿಗೂ ನಡುವೆ ಒಂದು ಋಣ ಹುಟ್ಟುತ್ತದೆ, ಆ ಋಣ ತೀರಿಸುವ ಕ್ರಮವೂ ಇರುತ್ತದೆ.

ಈರಮ್ಮನವರ ಬುಡ್ಗಜಂಗಮ ಸಮುದಾಯಕ್ಕೂ ಅಂಥ ಕ್ರಮವಿತ್ತು. ಬಳ್ಳಾರಿ ಸೀಮೆಯ ಅಲೆಮಾರಿಗಳಿವರು, ಪರಿಶಿಷ್ಟ ಜಾತಿಗೆ ಸೇರಿದವರು. ಮನೆಯೊಳಗೆ ತೆಲುಗು, ಅಂಗಳದಲ್ಲಿ ಕೇಳುವವರ ಭಾಷೆ. ಈ ಸೀಮೆಯಲ್ಲಿ ಅದೇನೂ ವಿಶೇಷವಲ್ಲ. ಸಿರುಗುಪ್ಪದ ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವವರು ಇಂದಿಗೂ ಸಿಗುತ್ತಾರೆ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಕಥೆಗಾರರ ಕಾಲ್ದಾರಿಗಳು ಆ ಗೆರೆಗೆ ತಲೆ ಕೆಡಿಸಿಕೊಳ್ಳಲಿಲ್ಲ. ಮಾಯಾವಿಯೊಬ್ಬ ತಾಯಿಯನ್ನು ಹೊತ್ತೊಯ್ಯುವ, ಅವನ ಪ್ರಾಣ ಎಲ್ಲೋ ದೂರದ ಗಿಳಿಯಲ್ಲಿರುವ, ಮಗ ಬೆಳೆದು ಹುಡುಕಿಕೊಂಡು ಹೋಗುವ ಬಾಲನಾಗಮ್ಮನ ಕಥೆಯನ್ನು 1942ರಲ್ಲಿ ಮದರಾಸಿನ ಜೆಮಿನಿಯವರು ತೆಲುಗು ಸಿನಿಮಾ ಮಾಡಿ ದುಡ್ಡು ಎಣಿಸಿಕೊಂಡರು. ಅದೇ ಕಥೆಯನ್ನು ದರೋಜಿ ಕಡೆಯವರು ಕನ್ನಡದ ಊರುಗಳಲ್ಲಿ ಹೇಳಿ ಜೋಳ ಪಡೆಯುತ್ತಿದ್ದರು.

ಈರಮ್ಮ ಹೇಳುತ್ತಿದ್ದ ಬುರ್ರಕಥೆಗೆ ಮೂವರು ಸಾಕು. ಮುಂದೆ ನಿಂತವರು ಕಥೆ ನಡೆಸುತ್ತಾರೆ. ಬೆರಳಿಗೆ ತೊಟ್ಟ ಲೋಹದ ಉಂಗುರಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತವೆ. ಅಕ್ಕಪಕ್ಕದ ಇಬ್ಬರು ಬುರ್ರ ಬಾರಿಸುತ್ತ ಸಾಲಿನ ತುದಿಯನ್ನು ಎತ್ತಿಕೊಂಡು ಸೊಲ್ಲು ಕೂಡಿಸುತ್ತಾರೆ. ಈರಮ್ಮನವರ ಮೇಳದಲ್ಲಿ ಜೊತೆಗಿದ್ದವರು ಮನೆಯವರೇ. ಕಥೆ ಕಲಿಸಿದ್ದು ತಂದೆ ಲಾಲಪ್ಪ. ಕುಟುಂಬವೇ ಮೇಳ, ಅದೇ ಪಾಠಶಾಲೆ, ಅದೇ ಗ್ರಂಥಾಲಯ ಕೂಡ.

ಆ ಸೊಲ್ಲಿನಲ್ಲೊಂದು ಉಪಾಯವಿದೆ. ಹಿಮ್ಮೇಳದವರು ಸಾಲು ತಿರುಗಿಸುವಷ್ಟು ಹೊತ್ತಿನಲ್ಲಿ ಮುಂದಿನವರು ಮುಂದಿನ ಸಾಲನ್ನು ಕಟ್ಟಿಕೊಳ್ಳುತ್ತಾರೆ. ಅಂದರೆ 7,000 ಪುಟವನ್ನು ಯಾರೂ ಉರು ಹೊಡೆದಿರುವುದಿಲ್ಲ. ಕುದುರೆ ಏರುವುದು, ದಂಡು ಹೊರಡುವುದು, ಹೆಣ್ಣು ಸಿಂಗರಿಸಿಕೊಳ್ಳುವುದು, ತಾಯಿ ಮರುಗುವುದು, ಇಂಥ ಸಂದರ್ಭಗಳಿಗೆ ಸಿದ್ಧ ನುಡಿಗಳಿರುತ್ತವೆ. ಘಟನೆಗಳ ಸರಪಳಿ ಮನಸ್ಸಿನಲ್ಲಿರುತ್ತದೆ. ಉಳಿದದ್ದನ್ನು ಎದುರಿಗಿರುವ ಜನರ ಮುಖ ನೋಡಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಅಮೆರಿಕದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ನಿರಕ್ಷರಿ ಗಾಯಕರ ಜೊತೆ ಕೂತು ಇದನ್ನೇ ಕಂಡುಕೊಂಡರು. ಲಾರ್ಡ್ 1960ರಲ್ಲಿ ಆ ಬಗ್ಗೆ ಬರೆದ ಪುಸ್ತಕ ಹೋಮರನನ್ನು ಓದುವ ಬಗೆಯನ್ನೇ ಬದಲಿಸಿತು. ಹೋಮರನಿಗೆ ಸಿಕ್ಕ ಆ ನ್ಯಾಯ ನಮ್ಮಲ್ಲಿ ಭಿಕ್ಷೆಗೆ ಬಂದ ಹೆಂಗಸಿಗೆ ಸಿಗಲು ಎಷ್ಟು ತಡವಾಯಿತು ನೋಡಿ. ಈರಮ್ಮನವರಿಗೆ ದೊಡ್ಡ ಪ್ರಶಸ್ತಿ ಬಂದಾಗ ಅವರಿಗೆ ಹತ್ತಿರ ಹತ್ತಿರ ಎಪ್ಪತ್ತು.

ಅವರು ಹೇಳುತ್ತಿದ್ದ ಕಥೆಗಳಲ್ಲಿ ಈ ನೆಲಕ್ಕೆ ಅಂಟಿಕೊಂಡದ್ದು ಕುಮಾರರಾಮನ ಕಥೆ. ಕುರುಗೋಡಿನ ಆಚೆಗೆ ಸಿಗುವ ಕಂಪ್ಲಿ ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಒಂದು ರಾಜ್ಯ. ಕಂಪಿಲರಾಯ ಅದರ ದೊರೆ. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್ ವಿರುದ್ಧ ದಂಗೆ ಎದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಅವನು ಆಶ್ರಯ ಕೊಟ್ಟ. 1327ರ ಸುಮಾರಿಗೆ ದಿಲ್ಲಿಯ ಸೇನೆ ಬಂದು ರಾಜ್ಯವನ್ನು ಅಳಿಸಿಹಾಕಿತು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಇದನ್ನು ಬರೆದಿಟ್ಟಿದ್ದಾನೆ: ಶರಣು ಬಂದವನನ್ನು ಬಿಟ್ಟುಕೊಡದೆ ರಾಜ ಕಾದಿ ಸತ್ತ, ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು, ರಾಜನ ಹನ್ನೊಂದು ಗಂಡುಮಕ್ಕಳನ್ನು ದಿಲ್ಲಿಗೆ ಒಯ್ದು ಮುಸಲ್ಮಾನರನ್ನಾಗಿ ಮಾಡಿದರು. ಅವರಲ್ಲಿ ಮೂವರನ್ನು ತಾನು ಬಲ್ಲೆ ಎಂದೂ ಅವನು ಹೇಳುತ್ತಾನೆ. ಪ್ರವಾಸಿಯ ಆ ವಿವರದಲ್ಲಿ ಕುಮಾರರಾಮನೆಂಬ ವೀರ ಇಲ್ಲ.

ಜನರ ಬಾಯಲ್ಲಿ ಇರುವುದು ಅವನೊಬ್ಬನೇ. ಪರಸ್ತ್ರೀಯರನ್ನು ಒಡಹುಟ್ಟಿದವರೆಂದು ಕಾಣುವ ವ್ರತ ತೊಟ್ಟ ರಾಜಕುಮಾರ. ಚೆಂಡಾಟವಾಡುವಾಗ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಗೆ ಹೋಗಿ ಬೀಳುತ್ತದೆ. ತರಲು ಹೋದ ರಾಮನನ್ನು ಅವಳು ಬಯಸುತ್ತಾಳೆ, ಅವನು ಒಪ್ಪುವುದಿಲ್ಲ, ಅವಳು ತಿರುಗಿಬಿದ್ದು ಗಂಡನಲ್ಲಿ ದೂರು ಹೇಳುತ್ತಾಳೆ. ಕಂಪಿಲರಾಯ ಮಗನ ತಲೆ ತರಲು ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಬುದ್ಧಿವಂತ. ಬೇರೆ ತಲೆ ತೋರಿಸಿ ರಾಮನನ್ನು ನೆಲಮನೆಯಲ್ಲಿ ಬಚ್ಚಿಡುತ್ತಾನೆ. ದಿಲ್ಲಿಯ ದಂಡು ಬಂದಾಗ ತಂದೆಗೆ ಮಗನ ನೆನಪಾಗಿ ಗೋಳಾಡುತ್ತಾನೆ, ರಾಮ ಹೊರಗೆ ಬಂದು ಗೆಲ್ಲುತ್ತಾನೆ. ಕಡೆಗೆ ಮಾತಂಗಿ ಎಂಬ ಹೆಣ್ಣು ದಂಡನಾಯಕಿಯ ಎದುರು, ಹೆಣ್ಣಿನ ಮೇಲೆ ಕೈ ಎತ್ತಲಾರದೆ ಮಡಿಯುತ್ತಾನೆ. ಹದಿನಾರನೇ ಶತಮಾನದಲ್ಲಿ ನಂಜುಂಡ ಕವಿ ಇದನ್ನು 'ರಾಮನಾಥ ಚರಿತೆ' ಎಂದು ಬರೆದ. ಅದಕ್ಕೆ ಮೊದಲೂ ಆಮೇಲೂ ಕಥೆ ನಡೆದಾಡಿದ್ದು ಬಾಯಿಂದ ಬಾಯಿಗೆ. ಸಂಡೂರಿನ ಬೆಟ್ಟಗಳಿಂದ ಮಲೆನಾಡಿನವರೆಗೆ ಅವನ ತಲೆಯನ್ನು ದೇವರೆಂದು ಪೂಜಿಸುವ ಗುಡಿಗಳಿವೆ.

ಸೋತವರು ತಮ್ಮ ಸೋಲನ್ನು ಹೇಗೆ ಹೇಳಿಕೊಂಡರು ಎಂಬುದೇ ನನಗೆ ಇಲ್ಲಿ ಮುಖ್ಯ. ಪ್ರವಾಸಿಯ ಬರಹದಲ್ಲಿ ದೊಡ್ಡ ಸೈನ್ಯ ಸಣ್ಣ ರಾಜ್ಯವನ್ನು ನುಂಗಿತು, ಅಷ್ಟೆ. ಬುರ್ರಕಥೆಯಲ್ಲಿ ರಾಜ್ಯ ಬೀಳುವುದು ಮನೆಯೊಳಗಿನ ಅನುಮಾನದಿಂದ, ಹೆಂಡತಿಯ ಮಾತು ಕೇಳಿ ವಿಚಾರಿಸದೆ ಮಗನ ತಲೆ ಕೇಳಿದ ತಂದೆಯಿಂದ. ಹೆಣ್ಣಿನ ತಲೆಯ ಮೇಲೆ ತಪ್ಪು ಹೊರಿಸುವ ಹಳೇ ಚಾಳಿ ಈ ಕಥೆಯಲ್ಲೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಹಾಗಿದ್ದೂ ದೊರೆಯ ಅಪ್ಪಣೆಯನ್ನು ಮೀರಿದ ಮಂತ್ರಿಯನ್ನು ಇಷ್ಟು ಗೌರವದಿಂದ ಕಾಣುವ ಕಥೆ ಅರಮನೆಯ ಕವಿಗಳಲ್ಲಿ ಹುಡುಕಿದರೂ ಅಪರೂಪ.

ಇದರ ಪಕ್ಕದಲ್ಲಿ ಇದೇ ಸೀಮೆಯ ಇನ್ನೊಂದು ಕಥೆ ಇಟ್ಟು ನೋಡಿ. ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಹೇಳುತ್ತ, ಕುಣಿಯುತ್ತ ಬಂದದ್ದು ಎಲ್ಲಮ್ಮನ ಕಥೆ. ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ನೀರು ತರುತ್ತಿದ್ದ ರೇಣುಕೆ ಒಂದು ಗಳಿಗೆ ಮನಸ್ಸು ಆಚೀಚೆ ಮಾಡಿದಳೆಂದು ಜಮದಗ್ನಿ ಅವಳ ತಲೆ ಕಡಿಯಲು ಹೇಳುತ್ತಾನೆ. ದೊಡ್ಡ ಮಕ್ಕಳು ಒಪ್ಪುವುದಿಲ್ಲ, ಪರಶುರಾಮ ಕಡಿಯುತ್ತಾನೆ. ಎರಡು ಕಥೆಗಳಲ್ಲೂ ಅನುಮಾನ, ಅಪ್ಪಣೆ, ತಲೆ. ಒಂದರಲ್ಲಿ ಅಪ್ಪಣೆ ಮೀರಿದ್ದರಿಂದ ನಾಡು ಕೆಲಕಾಲ ಉಳಿಯುತ್ತದೆ, ಇನ್ನೊಂದರಲ್ಲಿ ಅಪ್ಪಣೆ ಪಾಲಿಸಿದವನೇ ತಾಯಿಯ ಪ್ರಾಣವನ್ನು ವರವಾಗಿ ಬೇಡಬೇಕಾಗುತ್ತದೆ. ಎರಡರಲ್ಲೂ ಜನ ಮೊದಲು ಕಾಯಿ ಒಡೆಯುವುದು ಅಪ್ಪಣೆ ಕೊಟ್ಟವನಿಗಲ್ಲ. ಪೂಜೆ ಸಲ್ಲುವುದು ತಲೆ ಕೊಟ್ಟವರಿಗೆ. ಹಳ್ಳಿಯ ಜನ ತಮ್ಮ ತೀರ್ಪನ್ನು ಬರೆದಿಡಲಿಲ್ಲ, ಗುಡಿ ಕಟ್ಟಿ ಹೇಳಿದರು.

ಗಂಡಾಗಿ ಹುಟ್ಟಿ ಜೋಗತಿಯಾದ ಮಂಜಮ್ಮನವರನ್ನು ಮನೆ ಒಪ್ಪಲಿಲ್ಲ, ಎಲ್ಲಮ್ಮ ಒಪ್ಪಿದಳು. ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿ ಕಲೆ ಕಲಿಸಿದರು. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿಯವರಿಗೇ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ಗಂಡು ಹೆಣ್ಣೆಂಬ ಎರಡೇ ಗೆರೆಯಲ್ಲಿ ನಿಲ್ಲದವರಿಗೆ ದೈವದ ಬಳಿ ಒಂದು ಜಾಗ ಕೊಡುವ ವಾಡಿಕೆ ಉತ್ತರ ಅಮೆರಿಕದ ಅನೇಕ ಮೂಲನಿವಾಸಿ ಸಮುದಾಯಗಳಲ್ಲೂ ಇತ್ತು. ಅಂಥವರನ್ನು 'ಎರಡು ಆತ್ಮದವರು' ಎಂದು ಕರೆಯುವ ಈಗಿನ ಹೆಸರನ್ನು ಅವರೇ 1990ರಲ್ಲಿ ವಿನ್ನಿಪೆಗ್ ನಗರದ ಸಭೆಯೊಂದರಲ್ಲಿ ಆರಿಸಿಕೊಂಡರು. ಹಾಗೆಂದು ನಮ್ಮ ನಂಬಿಕೆಗೆಲ್ಲ ಹಾರ ಹಾಕುವ ಅಗತ್ಯವಿಲ್ಲ. ಅದೇ ಎಲ್ಲಮ್ಮನ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದರು. ಅದನ್ನು ತಡೆಯಲು 1982ರಲ್ಲಿ ಕಾಯಿದೆಯೇ ಬೇಕಾಯಿತು.

ಕ್ರೀ ಕಥೆಗಳ ನಾಯಕ ವೀಸಹ್‌ಕೇಚಾಕ್. ಅವನು ದೇವರಲ್ಲ, ದೆವ್ವವಲ್ಲ, ಪೂರಾ ಮನುಷ್ಯನೂ ಅಲ್ಲ. ಮಹಾಪೂರದಲ್ಲಿ ಲೋಕ ಮುಳುಗಿದಾಗ ನೀರಿಲಿಯೊಂದು ತಳದಿಂದ ತಂದ ಚಿಟಿಕೆ ಮಣ್ಣಿನಿಂದ ಭೂಮಿಯನ್ನು ಮತ್ತೆ ಮಾಡಿದವನು ಅವನೇ; ಕಣ್ಣು ಮುಚ್ಚಿ ಕುಣಿಯಿರಿ ಎಂದು ಬಾತುಗಳಿಗೆ ಹೇಳಿ, ಕುಣಿಯುತ್ತಿದ್ದಂತೆ ಒಂದೊಂದರ ಕತ್ತು ಮುರಿದು ತಿನ್ನಲು ನೋಡುವವನೂ ಅವನೇ. ನಗಿಸುತ್ತಾನೆ, ಮೋಸ ಮಾಡುತ್ತಾನೆ, ಮೋಸ ಹೋಗುತ್ತಾನೆ. ಮಕ್ಕಳನ್ನು ಗದರಿಸದೆಯೇ ಹೇಗೆ ನಡೆದುಕೊಳ್ಳಬಾರದು ಎಂದು ಕಲಿಸುವ ವಿಧಾನ ಅದು.

ನಮ್ಮಲ್ಲಿ ಅವನ ನೆಂಟನೊಬ್ಬ ತೊಗಲು ಗೊಂಬೆಯ ಪರದೆಯ ಮೇಲಿದ್ದಾನೆ. ಕರಿ ಬಣ್ಣ, ಡೊಳ್ಳು ಹೊಟ್ಟೆ, ಬಾಯಿ ತೆರೆದರೆ ಪೋಲಿ ಮಾತು. ಅವನೇ ಕಿಳ್ಳೇಕ್ಯಾತ. ರಾಮ ರಾವಣರು ಬರುವುದಕ್ಕೆ ಮೊದಲು ಅವನೂ ಹೆಂಡತಿ ಬಂಗಾರಕ್ಕನೂ ಬಂದು ಜಗಳವಾಡಿ, ನೆರೆದ ಗೌಡರನ್ನೂ ಬಿಡದೆ ಗೇಲಿ ಮಾಡಿ, ಜನರನ್ನು ನಗಿಸಿ ಹದ ಮಾಡುತ್ತಾರೆ. ಇದೇ ಆಟವನ್ನು ಮಳೆ ಹೋದ ವರ್ಷ ಮಳೆಗಾಗಿ ಆಡಿಸುತ್ತಿದ್ದರು. ಸವೆದು ಹರಿದ ಗೊಂಬೆಯನ್ನು ತಿಪ್ಪೆಗೆ ಎಸೆಯುವಂತಿಲ್ಲ, ಹೊಳೆಗೆ ಬಿಡಬೇಕು. ಪೋಲಿತನಕ್ಕೂ ಮಡಿಗೂ ಅಲ್ಲಿ ವಿರೋಧವಿರಲಿಲ್ಲ. ನಾವು ಓದಿದವರು ಬಂದು ಪೋಲಿಯನ್ನು ಕತ್ತರಿಸಿ ಮಡಿಯನ್ನಷ್ಟೇ ಉಳಿಸಿಕೊಂಡೆವು. ಬಳ್ಳಾರಿಯ ಬೆಳಗಲ್ಲು ವೀರಣ್ಣ ತೊಗಲಿನಲ್ಲಿ ಗಾಂಧಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಬಿಡಿಸಿ ಪರದೆಗೆ ತಂದರು. 2023ರ ಏಪ್ರಿಲಿನಲ್ಲಿ ರಸ್ತೆ ಅಪಘಾತದಲ್ಲಿ ಅವರೂ ಹೋದರು.

ಕಥೆಗೆ ಬಾಯಿ ಬೇಕು ಎಂಬುದು ಎಲ್ಲರಿಗೂ ಗೊತ್ತು. ನೆಲವೂ ಬೇಕು ಎಂಬುದನ್ನು ಮರೆಯುತ್ತೇವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬವಿದೆ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದು ಸುತ್ತಲಿನ ಜನ ಹೇಳುತ್ತಿದ್ದುದನ್ನು ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲೇ ಇಂಗ್ಲಿಷ್ ಅಧಿಕಾರಿ ನ್ಯೂಬೋಲ್ಡ್ ದಾಖಲಿಸಿದ. ಪಂಡಿತರು ಜ್ವಾಲಾಮುಖಿ ಎಂದರು, ಇನ್ನೇನೋ ಎಂದರು. ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಒಟ್ಟಿ ಮತ್ತೆ ಮತ್ತೆ ಸುಟ್ಟದ್ದರಿಂದ ಆದ ದಿಬ್ಬಗಳಿವು ಎಂಬುದನ್ನು ಎಫ್. ಆರ್. ಆಲ್ಚಿನ್ 1963ರ ಪುಸ್ತಕದಲ್ಲಿ ವಿವರವಾಗಿ ವಾದಿಸಿದರು. ರಾಕ್ಷಸನ ಕಥೆ ನಿಜವಲ್ಲ, ಒಪ್ಪೋಣ. ಆದರೆ ಇದು ಬೂದಿ, ಇಲ್ಲಿ ಯಾರೋ ಬೆಂಕಿ ಹಾಕಿದ್ದರು, ಅದು ಬಹಳ ಹಿಂದಿನ ಮಾತು ಎಂಬ ಮೂರೂ ಸಂಗತಿಗಳನ್ನು ಹಿಡಿದಿಟ್ಟುಕೊಂಡಿದ್ದು ಆ ಕಥೆಯೇ.

ಬಳ್ಳಾರಿ ಊರಿಗೆ ಹತ್ತಿರದ ಸಂಗನಕಲ್ಲು, ಕಪ್ಪಗಲ್ಲುಗಳ ಬೆಟ್ಟದಲ್ಲಿ ಇನ್ನೂ ಸೋಜಿಗವಿದೆ. ಕರಿಬಂಡೆಗಳ ಮೇಲೆ ಗೂಳಿಗಳ, ಮನುಷ್ಯರ ಕೊರೆದ ಚಿತ್ರಗಳು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ಢಣ್ ಎನ್ನುತ್ತವೆ. 1892ರಲ್ಲಿ ಫಾಸೆಟ್ ಎಂಬಾತ ಇದನ್ನು ಬರೆದ. ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ 2004ರಲ್ಲಿ ಮತ್ತೆ ಲೋಕದ ಗಮನಕ್ಕೆ ತಂದರು. ಬಡಿದು ಬಡಿದು ಗುಳಿ ಬಿದ್ದ ಗುರುತುಗಳನ್ನು ನೋಡಿ, ನವಶಿಲಾಯುಗದ ಜನ ಇಲ್ಲಿ ಕಲ್ಲು ನುಡಿಸುತ್ತಿದ್ದರು, ಅದು ಆಚರಣೆಯ ಭಾಗವಾಗಿದ್ದಿರಬೇಕು ಎಂದರು. ಅದೇ ಹೊತ್ತಿಗೆ ಜಲ್ಲಿಗಾಗಿ ಬೆಟ್ಟ ಒಡೆಯುವ ಕೆಲಸವೂ ಹತ್ತಿರಕ್ಕೆ ಬಂದಿತ್ತು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ಎಂ. ಎಸ್. ನಾಗರಾಜರಾವ್ ಅರುವತ್ತರ ದಶಕದಲ್ಲಿ ಅಗೆದು ಇದೇ ಕಾಲಕ್ಕೆ ಸೇರಿದ ಬೆಟ್ಟದ ಮನೆಗಳನ್ನು ತೋರಿಸಿದ್ದರು. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಬಂಡೆಗಳ ಮೇಲೆ ಯಾವ ಕಥೆ ನಡೆಯುತ್ತಿತ್ತೋ, ಅದರ ತಾಳ ಮಾತ್ರ ಉಳಿದಿದೆ.

ಕಲ್ಲನ್ನು ಜೀವವುಳ್ಳದ್ದೆಂದು ಎಣಿಸುವವರು ಕ್ರೀ ಜನ. ಅವರ ಬೆವರುಗುಡಿಸಲಿನ ಆಚರಣೆಯಲ್ಲಿ ಕಾಸಿದ ಕಲ್ಲುಗಳನ್ನು ಅಜ್ಜಂದಿರೆಂದೇ ಕರೆಯುತ್ತಾರೆ. ಅವರು ಪೂಜಿಸುತ್ತಿದ್ದ ದೊಡ್ಡ ಉಲ್ಕಾಶಿಲೆಯೊಂದು ಆಲ್ಬರ್ಟಾದ ಬಯಲಲ್ಲಿತ್ತು. 1866ರಲ್ಲಿ ಜಾರ್ಜ್ ಮೆಕ್‌ಡೂಗಲ್ ಎಂಬ ಪಾದ್ರಿ ಅದನ್ನು ಗಾಡಿಯಲ್ಲಿ ಸಾಗಿಸಿದ. ಯುದ್ಧ, ರೋಗ, ಹಸಿವು ಬರುತ್ತವೆ ಎಂದು ಹಿರಿಯರು ಎಚ್ಚರಿಸಿದರಂತೆ. 1870ರಲ್ಲಿ ಸಿಡುಬು ಬಂದು ಊರೂರು ಬರಿದಾದವು. ಅದೇ ದಶಕ ಮುಗಿಯುವಷ್ಟರಲ್ಲಿ ಕಾಡುಕೋಣಗಳ ಹಿಂಡು ಕೆನಡಾದ ಬಯಲಿನಿಂದ ಮಾಯವಾಯಿತು. ಕಲ್ಲು ಈಗ ಎಡ್ಮಂಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲು ಕದ್ದದ್ದಕ್ಕೇ ರೋಗ ಬಂತು ಎಂದು ನಾನು ನಂಬುವುದಿಲ್ಲ. ಕಲ್ಲು ಕದ್ದವರ ಲೋಕವೇ ರೋಗವನ್ನೂ ಬೇಟೆಯ ಬಂದೂಕನ್ನೂ ತಂದದ್ದು ಎಂದು ಓದಿಕೊಂಡರೆ ಹಿರಿಯರ ಮಾತಿನಲ್ಲಿ ತಪ್ಪೇನಿದೆ?

ಇಲ್ಲಿ ಒಂದು ಇಸವಿ ನನ್ನನ್ನು ಕಾಡುತ್ತದೆ: 1876. ಆ ವರ್ಷ ಕೆನಡಾ ಸರ್ಕಾರ ಇಂಡಿಯನ್ ಕಾಯಿದೆ ಮಾಡಿತು. ಅದೇ ಆಗಸ್ಟಿನಲ್ಲಿ ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಬಯಲುಸೀಮೆಯ ಕ್ರೀ ಮುಖಂಡರೊಡನೆ ಆರನೇ ಒಪ್ಪಂದ ಆಯಿತು. ಅದೇ ವರ್ಷ, ಅದೇ ರಾಣಿಯ ಆಳ್ವಿಕೆಯ ಬಳ್ಳಾರಿ ಜಿಲ್ಲೆಯಲ್ಲಿ ಮಳೆ ಹೋಯಿತು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ಮುಂದುವರಿದ ಬರವನ್ನು ನಮ್ಮ ಹಿರಿಯರು 'ಧಾತು ಈಶ್ವರ ಬರ' ಎಂದೇ ಕರೆದರು. ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ಸತ್ತ ಸೀಮೆಗಳಲ್ಲಿ ಬಳ್ಳಾರಿಯೂ ಒಂದು. ಕ್ರೀ ಕಥೆಗಳಲ್ಲಿ ವಿಟಿಕೊ ಎಂಬ ಪಿಶಾಚಿ ಬರುತ್ತಾನೆ. ಚಳಿಗಾಲದ ಹಸಿವಿನಲ್ಲಿ ಹುಟ್ಟುವ ಅವನ ಎದೆ ಮಂಜುಗಡ್ಡೆ. ಎಷ್ಟು ತಿಂದರೂ ಹಸಿವು ಹೆಚ್ಚುತ್ತದೆ, ಕಡೆಗೆ ತನ್ನವರನ್ನೇ ತಿನ್ನುತ್ತಾನೆ. ಬರದ ನಡುವೆಯೂ ಬಂದರುಗಳಿಂದ ಧಾನ್ಯದ ಹಡಗು ಹೊರಟಿದ್ದನ್ನು ಓದುವಾಗ ಈ ಪಿಶಾಚಿಯ ನೆನಪು ತಾನಾಗಿ ಬರುತ್ತದೆ.

ಆರನೇ ಒಪ್ಪಂದದ ಕಾಗದದಲ್ಲಿ ಕ್ರೀಗಳು ನೆಲದ ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟರೆಂದು ಬರೆದಿದೆ. ಹಿರಿಯರ ಬಾಯಲ್ಲಿ ಇಳಿದುಬಂದ ಮಾತು ಬೇರೆ: ಕೊಟ್ಟದ್ದು ನೇಗಿಲು ಹೋಗುವಷ್ಟು ಆಳದ ಮೇಲ್ಮಣ್ಣು ಮಾತ್ರ, ಅದೂ ಹಂಚಿಕೊಂಡು ಬಾಳುವುದಕ್ಕೆ. ಬಹುಕಾಲ ಕೋರ್ಟುಗಳು ಬಾಯಿಮಾತನ್ನು ಲೆಕ್ಕಕ್ಕೆ ಇಡಲಿಲ್ಲ. 1997ರಲ್ಲಿ ಬೇರೊಂದು ಮೂಲನಿವಾಸಿ ಸಮುದಾಯದ ಮೊಕದ್ದಮೆಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಮೌಖಿಕ ಇತಿಹಾಸವನ್ನೂ ಬರಹದ ದಾಖಲೆಗೆ ಸಮನಾಗಿ ತೂಗಬೇಕು ಎಂದಿತು. ಆ ಹೊತ್ತಿಗೆ ಕಥೆ ಹೇಳಬೇಕಾದ ತಲೆಮಾರುಗಳನ್ನೇ ವಸತಿ ಶಾಲೆಗಳಿಗೆ ಎಳೆದೊಯ್ದು ಮಾತೃಭಾಷೆ ಆಡಿದ್ದಕ್ಕೆ ಹೊಡೆದಾಗಿತ್ತು. ಅವರ ಸೂರ್ಯನೃತ್ಯದ ಆಚರಣೆಗಳನ್ನು 1895ರಲ್ಲಿ ಕಾನೂನಿನಿಂದ ತಡೆದಿದ್ದರು. ಆ ತಡೆ ಹೋದದ್ದು 1951ರಲ್ಲಿ. ನಮ್ಮಲ್ಲಿ ಅದೇ ಸಾಮ್ರಾಜ್ಯ 1871ರ ಕಾಯಿದೆಯಿಂದ ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಬರೆಯಿತು, ಅದು ಪೂರ್ತಿ ರದ್ದಾದದ್ದು 1952ರಲ್ಲಿ. ಊರೂರು ತಿರುಗಿ ಕಥೆ ಹೇಳುವವರನ್ನು ಪೊಲೀಸ್ ಕಣ್ಣಿನಿಂದ ನೋಡುವ ಅಭ್ಯಾಸ ಕಾಯಿದೆಯ ಜೊತೆ ಹೋಗಲಿಲ್ಲ.

ಆದರೆ ಬಳ್ಳಾರಿ ಸೀಮೆಯಲ್ಲಿ ಕಥೆಯ ಬುಡ ಅಲ್ಲಾಡಿಸಿದ್ದು ಪೊಲೀಸರೂ ಅಲ್ಲ, ಟಿ.ವಿ.ಯೂ ಅಲ್ಲ ಎಂಬುದು ನನ್ನ ಎಣಿಕೆ. ಟಿ.ವಿ. ಬಂದದ್ದು ಆಮೇಲೆ. ಮೊದಲು ಹೋದದ್ದು ಕಣ.

ಎರೆಹೊಲದ ಜೋಳದ ಕಾಲದಲ್ಲಿ ಸುಗ್ಗಿ ಎಂದರೆ ವಾರಗಟ್ಟಲೆ ಕಣದಲ್ಲೇ ವಾಸ. ಮೇಟಿಯ ಸುತ್ತ ಎತ್ತು ಕಟ್ಟಿ ಹಂತಿ ಹೊಡೆಯುವಾಗ ರಾತ್ರಿಯಿಡೀ ಹಂತಿ ಪದ. ತೂರಿ, ರಾಶಿ ಮಾಡಿ, ರಾಶಿ ಪೂಜೆ ಮುಗಿಸಿದ ಮೇಲೆ ಆಯಗಾರರಿಗೆ, ಜೋಗತಿಗೆ, ಗೊರವಯ್ಯನಿಗೆ, ಬುರ್ರಕಥೆಯವರಿಗೆ ಮೊರದಲ್ಲಿ ಕಾಳು ಅಳೆದು ಕೊಟ್ಟು ಉಳಿದದ್ದನ್ನು ಮನೆಗೆ ಒಯ್ಯುವುದು ರೂಢಿ. ಅದನ್ನು ಭಿಕ್ಷೆ ಎಂದರೂ ಅದರಲ್ಲೊಂದು ಹಕ್ಕು ಇತ್ತು. ಈ ಊರು ನಮ್ಮದು, ಈ ಕಣದಲ್ಲಿ ನಮ್ಮ ಪಾಲಿದೆ ಎಂದು ಕೇಳಬಹುದಿತ್ತು. ಆಮೇಲೆ ಬರುವ ಬೇಸಿಗೆಯ ರಾತ್ರಿಗಳು ಬಯಲಾಟಕ್ಕೆ, ಗೊಂಬೆಯಾಟಕ್ಕೆ, ಕಥೆಗೆ. ಕ್ರೀ ಜನರಿಗೆ ಹಿಮ ಹೇಗೋ ನಮಗೆ ಖಾಲಿ ಹೊಲ ಹಾಗೆ, ಕಥೆ ಶುರುವಾಗಲು ಅದೇ ಗುರುತು.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಂತು. ಸಿರುಗುಪ್ಪ, ಕುರುಗೋಡುಗಳ ಕಡೆ ಜೋಳ, ಹತ್ತಿಯ ಜಾಗಕ್ಕೆ ಭತ್ತ ನಿಂತಿತು. ಕರಾವಳಿ ಆಂಧ್ರದಿಂದ ರೈತರು ಬಂದು ನೆಲೆಸಿದ ಕ್ಯಾಂಪುಗಳು ಹುಟ್ಟಿದವು. ಹಸಿವು ಕಡಿಮೆಯಾಯಿತು, ಅದು ಸಣ್ಣ ಮಾತಲ್ಲ; ಧಾತು ಬರ ಕಂಡ ಸೀಮೆಗೆ ಕಾಲುವೆಯನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ವರ್ಷಕ್ಕೆ ಎರಡು ಬೆಳೆ ಬಂದ ಮೇಲೆ ಹೊಲ ಖಾಲಿ ಇರುವ ದಿನಗಳು ಕುಗ್ಗಿದವು. ಈಗ ಭತ್ತ ಕೊಯ್ಯುವ ಯಂತ್ರ ಗದ್ದೆಗೇ ಇಳಿಯುತ್ತದೆ, ಕಾಳು ಬೇರೆ ಹುಲ್ಲು ಬೇರೆ ಮಾಡುತ್ತದೆ, ಲಾರಿ ಅಲ್ಲಿಂದಲೇ ಸಿರುಗುಪ್ಪದ ಅಕ್ಕಿ ಗಿರಣಿಗೆ ಹೊರಡುತ್ತದೆ. ನಡುವೆ ಮೊರ ಹಿಡಿದು ನಿಲ್ಲಲು ಜಾಗವೇ ಇಲ್ಲ. ದುಡ್ಡು ಬ್ಯಾಂಕಿಗೆ ಬರುತ್ತದೆ. ಬ್ಯಾಂಕಿನ ಮುಂದೆ ನಿಂತು ಕುಮಾರರಾಮನ ಕಥೆ ಹೇಳಿ ಪಾಲು ಕೇಳಲು ಆಗುತ್ತದೆಯೇ?

ಹೀಗಾಗಿ ಮೇಳದ ಮನೆಯ ಹುಡುಗರು ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಕ್ಕೋ ಗಾರೆ ಕೆಲಸಕ್ಕೋ ಹೋದರೆ ಅವರನ್ನು ದೂರುವುದು ತಪ್ಪು. ಪರಂಪರೆ ಉಳಿಸಿ ಎಂದು ಅವರಿಗೆ ಹೇಳುವ ನಾವು ನಮ್ಮ ಮಕ್ಕಳನ್ನು ಮನೆ ಮನೆ ಮುಂದೆ ನಿಲ್ಲಿಸುತ್ತೇವೆಯೇ? ಭಿಕ್ಷೆಯ ಜೊತೆ ಬಂದ ಅವಮಾನವನ್ನು ಬಿಟ್ಟು ಕಥೆಯನ್ನಷ್ಟೇ ಮುಂದಿನವರಿಗೆ ಕೊಡುವ ದಾರಿ ಹುಡುಕಬೇಕಾದದ್ದು ಕೇಳುವವರ ಕೆಲಸ.

ಧ್ವನಿಮುದ್ರಣ ಮಾಡಿದರೆ ಮುಗಿಯಿತು ಎನ್ನುವವರಿದ್ದಾರೆ. ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಮಿತಿ ಗೊತ್ತಿರಲಿ. ಭಾಷಾವಿಜ್ಞಾನಿ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1925ರ ಬೇಸಿಗೆಯಲ್ಲಿ ಸಸ್ಕಾಚೆವಾನಿನ ಕ್ರೀಗಳ ನಡುವೆ ಕೂತು ಅವರ ಪವಿತ್ರ ಕಥೆಗಳನ್ನು ಬರೆದುಕೊಂಡರು. 1930ರಲ್ಲಿ ಅವು ಪುಸ್ತಕವಾದವು. ಚಳಿಗಾಲದ ಕಥೆಗಳು ಬೇಸಿಗೆಯಲ್ಲಿ ಕಾಗದಕ್ಕೆ ಇಳಿದವು. ಮಾತು ಉಳಿಯಿತು, ಹಿಮದ ರಾತ್ರಿ ಉಳಿಯಲಿಲ್ಲ. ಇಂದು ಕ್ರೀ ಹಿರಿಯರು ಅಂಥ ಪುಸ್ತಕಗಳನ್ನು ಬದಿಗೊತ್ತುವುದಿಲ್ಲ, ಅವೇ ಸಾಕೆನ್ನುವುದೂ ಇಲ್ಲ. ಶಾಲೆಗಳಲ್ಲಿ ಚಳಿಗಾಲದ ಕಥಾ ದಿನಗಳನ್ನು ಇಟ್ಟುಕೊಂಡು, ಹಿರಿಯರಿಗೆ ತಂಬಾಕಿನ ಜೊತೆ ಸಂಭಾವನೆಯನ್ನೂ ಕೊಟ್ಟು ಮಕ್ಕಳ ಮುಂದೆ ಕೂರಿಸುತ್ತಿದ್ದಾರೆ.

ನಮ್ಮಲ್ಲಿ ಉತ್ಸವಗಳಿಗೆ ಕಡಿಮೆಯಿಲ್ಲ. ಹಂಪಿ ಉತ್ಸವ, ಬಳ್ಳಾರಿ ಉತ್ಸವ, ಜಾನಪದ ಮೇಳ. ಅಲ್ಲಿ ಬುರ್ರಕಥೆಯವರಿಗೆ ಸಿಗುವುದು ಸಚಿವರು ಬರುವ ಮೊದಲಿನ ಹದಿನೈದು ಇಪ್ಪತ್ತು ನಿಮಿಷ. ರತ್ನಾಜಿಯ ಚೆಂಡು ನೆಲ ಮುಟ್ಟುವಷ್ಟರಲ್ಲಿ ನಿರೂಪಕರು ಮೈಕ್ ಹಿಡಿದು ಬಂದಿರುತ್ತಾರೆ. ಏಳು ಸಾವಿರ ಪುಟದ ಕಲೆಗೆ ಹದಿನೈದು ನಿಮಿಷ ಕೊಡುವುದು ಪ್ರೋತ್ಸಾಹವಲ್ಲ.

ಕುರುಗೋಡಿನಲ್ಲಿ ಒಂದೇ ಕಲ್ಲಿನ ದೊಡ್ಡ ಬಸವೇಶ್ವರನ ಜಾತ್ರೆ ಹೋಳಿ ಹುಣ್ಣಿಮೆಯ ಹೊತ್ತಿಗೆ ಆಗುತ್ತದೆ, ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿಗೆ ಊರೇ ಸೇರುತ್ತದೆ, ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳಲ್ಲಿ ಬೇಸಿಗೆ ಪೂರ್ತಿ ಒಂದಲ್ಲ ಒಂದು ದೇವರ ತೇರು. ಈ ಜಾತ್ರೆಗಳ ಕಮಿಟಿಯವರಿಗೆ ಒಂದು ಮನವಿ. ಆರ್ಕೆಸ್ಟ್ರಾ ಇರಲಿ, ನಾಟಕ ಕಂಪನಿ ಇರಲಿ. ಅದರ ಜೊತೆ ಒಂದು ರಾತ್ರಿ, ಒಂಬತ್ತರಿಂದ ಬೆಳಗಿನ ಜಾವದವರೆಗೆ, ಬುರ್ರಕಥೆಯವರಿಗೆ ಬಿಟ್ಟುಕೊಡಿ. ಮೇಳದವರನ್ನು ಎಲೆ ಅಡಿಕೆ ಇಟ್ಟು ಕರೆಯಿರಿ, ಆರ್ಕೆಸ್ಟ್ರಾದವರಿಗೆ ಕೊಡುವ ದರವನ್ನೇ ಕೊಡಿ, ಮೈಕಿನಲ್ಲಿ ಹೆಸರು ಸರಿಯಾಗಿ ಹೇಳಿ. ಕಥೆ ಮುಗಿಯುವ ತನಕ ಯಾರಿಗೂ ಶಾಲು ಹೊದಿಸಬೇಡಿ.